ಫಾರ್ಮ್‌ನ ಖಾನೆಗಳಿಗೆ ಸಂಖ್ಯೆ ಕೊಟ್ಟವನು: ಹರ್ಮನ್ ಹೊಲೆರಿತ್ ಬದುಕು ಮತ್ತು ಕೆಲವು ತಪ್ಪು ನಂಬಿಕೆಗಳು

ಹಳ್ಳಿಯೊಂದರ ಹಾಲಿನ ಡೈರಿಗೆ ಸಣ್ಣದೊಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆಯಬೇಕಿದೆ ಎಂದುಕೊಳ್ಳೋಣ. ಊರು ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಗೆ ಸೇರಿದ ಅಂತರಘಟ್ಟೆಯೇ ಇರಲಿ. ದುರ್ಗಾಂಬಾ ದೇವಿಯ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವ ಈ ಊರಿನ ಹೆಸರು ಆ ಕಡೆಯವರಿಗೆಲ್ಲ ಗೊತ್ತು. ಡೈರಿಗೆ ಹಾಲು ಹಾಕುವ ಪ್ರತಿಯೊಬ್ಬರಿಗೂ ತಿಂಗಳಿಗೊಂದು ಪರದೆ ಬೇಕು. ದಿನಕ್ಕೆ ಎರಡು ಹೊತ್ತು, 31 ದಿನ. ಅಂದರೆ ಲೀಟರ್ ತುಂಬಿಸಲು 62 ಖಾನೆ. ಫ್ಯಾಟ್ ಎಷ್ಟು ಎಂಬುದನ್ನೂ ಬರೆಯಬೇಕೆಂದರೆ 124.

ಪ್ರೋಗ್ರಾಮಿಂಗ್ ಹೊಸದಾಗಿ ಕಲಿತವರು ಸಾಮಾನ್ಯವಾಗಿ ಒಂದು ಖಾನೆಗೆ ಕೋಡ್ ಬರೆದು, ಅದನ್ನೇ ಕಾಪಿ ಮಾಡಿ 61 ಸಲ ಪೇಸ್ಟ್ ಮಾಡುತ್ತಾರೆ. ಪ್ರತಿ ಸಲವೂ ಖಾನೆಯ ಹೆಸರನ್ನು ಕೈಯಾರೆ ಬದಲಿಸಬೇಕು. ಎಲ್ಲೋ ಒಂದು ಕಡೆ, 19ನೇ ತಾರೀಖಿನ ಸಂಜೆಯ ಖಾನೆಯಲ್ಲಿ, ಹೆಸರು ಬದಲಿಸುವುದು ಮರೆತುಹೋಗುತ್ತದೆ. ಪ್ರೋಗ್ರಾಮ್ ನಿಲ್ಲುವುದಿಲ್ಲ, ತಪ್ಪೆಂದು ಹೇಳುವುದೂ ಇಲ್ಲ. ಆ ಸಂಜೆಯ ಹಾಲು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಬಟವಾಡೆಯ ದಿನ ಕಡಿಮೆ ದುಡ್ಡು ಪಡೆಯುವವರು ಹಾಲು ಹಾಕಿದವರು.

ಒಂದೇ ಬಗೆಯ ಹತ್ತಾರು ಖಾನೆಗಳನ್ನು ನಿಭಾಯಿಸುವುದು ಹೇಗೆ ಎಂಬ ಈ ಪ್ರಶ್ನೆ ಕಂಪ್ಯೂಟರ್ ಪರದೆಗಿಂತ ಹಳೆಯದು. ಅದನ್ನು ಯಂತ್ರದ ಮಟ್ಟದಲ್ಲಿ ಮೊದಲು ಎದುರಿಸಿದವರಲ್ಲಿ ಅಮೆರಿಕದ ಎಂಜಿನಿಯರ್ ಹರ್ಮನ್ ಹೊಲೆರಿತ್ ಪ್ರಮುಖ. ಪಂಚ್ ಕಾರ್ಡ್ ಎಂದಾಗ ನೆನಪಾಗುವ ಹೆಸರು ಆತನದು. ಅವನ ಬಗ್ಗೆ ಹರಡಿರುವ ಮಾತುಗಳಲ್ಲಿ ನಿಜವೂ ಇದೆ, ಅರ್ಧ ನಿಜವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡೋಣ.

ಕಾಗುಣಿತಕ್ಕೆ ಹೆದರಿದ ಹುಡುಗ

ಹೊಲೆರಿತ್ ಹುಟ್ಟಿದ್ದು 1860ರ ಫೆಬ್ರವರಿ 29ರಂದು, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ. ತಂದೆ ತಾಯಿ ಜರ್ಮನಿಯಿಂದ ವಲಸೆ ಬಂದವರು. ತಂದೆ ಅಪಘಾತವೊಂದರಲ್ಲಿ ತೀರಿಕೊಂಡಾಗ ಹರ್ಮನ್ ಇನ್ನೂ ಚಿಕ್ಕ ಹುಡುಗ. ತಾಯಿ ಹೆಂಗಸರ ಟೋಪಿಗಳನ್ನು ತಯಾರಿಸಿ ಮಾರುತ್ತಾ ಮಕ್ಕಳನ್ನು ಸಾಕಿದಳು.

ಶಾಲೆಯಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಎಂದರೆ ಅವನಿಗೆ ತಲೆನೋವು. ಸ್ಪೆಲಿಂಗ್ ಪಾಠದಿಂದ ತಪ್ಪಿಸಿಕೊಳ್ಳಲು ತರಗತಿಯ ಕಿಟಕಿಯಿಂದ ಹಾರಿ ಓಡಿದ್ದನೆಂಬ ಕಥೆಯನ್ನು ಅವನ ಜೀವನಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಆದರೆ ಓದಿನಲ್ಲಿ ದಡ್ಡನೇನಲ್ಲ. 15ನೇ ವಯಸ್ಸಿಗೆ ನ್ಯೂಯಾರ್ಕ್‌ನ ಸಿಟಿ ಕಾಲೇಜು ಸೇರಿದ. 1879ರಲ್ಲಿ ಕೊಲಂಬಿಯಾದ ಗಣಿ ವಿದ್ಯಾಲಯದಿಂದ ಎಂಜಿನಿಯರ್ ಆಗಿ ಹೊರಬಂದಾಗ ವಯಸ್ಸು 19.

ಅಲ್ಲಿ ಅವನಿಗೆ ಪಾಠ ಹೇಳಿದ ಪ್ರೊಫೆಸರ್ ವಿಲಿಯಂ ಟ್ರೋಬ್ರಿಡ್ಜ್ 1880ರ ಅಮೆರಿಕದ ಜನಗಣತಿಯಲ್ಲೂ ಕೆಲಸ ಮಾಡುತ್ತಿದ್ದರು. ಶಿಷ್ಯನನ್ನೂ ಅಲ್ಲಿಗೆ ಕರೆದುಕೊಂಡರು. ಕಾರ್ಖಾನೆಗಳು ಬಳಸುವ ಉಗಿ ಮತ್ತು ನೀರಿನ ಶಕ್ತಿಯ ಅಂಕಿ ಅಂಶ ಸಂಗ್ರಹಿಸುವುದು ಹೊಲೆರಿತ್ ಪಾಲಿನ ಕೆಲಸ. ಎಣಿಕೆ ಮನೆಯ ಒಳಗಿನ ಪಾಡು ಅವನ ಕಣ್ಣಿಗೆ ಬಿದ್ದದ್ದು ಆಗಲೇ.

ಎಣಿಸುವುದಕ್ಕೇ ದಶಕ ಬೇಕಾದರೆ?

1880ರ ಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ 5 ಕೋಟಿ ದಾಟಿತ್ತು. ಪ್ರತಿಯೊಬ್ಬರ ವಯಸ್ಸು, ಲಿಂಗ, ಹುಟ್ಟಿದ ಊರು, ಕಸುಬು ಎಲ್ಲವೂ ದೊಡ್ಡ ಹಾಳೆಗಳಲ್ಲಿ ಕೈಬರಹದಲ್ಲಿ ಇದ್ದವು. ಗುಮಾಸ್ತರು ಹಾಳೆ ನೋಡುತ್ತಾ ಇನ್ನೊಂದು ಕಾಗದದಲ್ಲಿ ಗೆರೆ ಹಾಕಿ ಎಣಿಸುತ್ತಿದ್ದರು. ಮದುವೆಯಾಗದ, ಇಂಥ ರಾಜ್ಯದಲ್ಲಿ ಹುಟ್ಟಿದ, ಇಂಥ ಕಸುಬಿನ ಗಂಡಸರು ಎಷ್ಟು ಎಂದು ಯಾರಾದರೂ ಕೇಳಿದರೆ ಅದೇ ಹಾಳೆಗಳನ್ನು ಮೊದಲಿನಿಂದ ತಿರುವಿ ಹಾಕಬೇಕು. ಆ ಗಣತಿಯ ವರದಿಗಳೆಲ್ಲ ಹೊರಬರುವ ಹೊತ್ತಿಗೆ ದಶಕದ ಬಹುಪಾಲು ಕಳೆದಿತ್ತು.

ಜನನ ಮರಣಗಳ ಅಂಕಿ ಅಂಶದ ಹೊಣೆ ಹೊತ್ತಿದ್ದವರು ಜಾನ್ ಶಾ ಬಿಲ್ಲಿಂಗ್ಸ್ ಎಂಬ ವೈದ್ಯರು. ಒಂದು ಸಂಜೆ ಅವರ ಮನೆಯ ಊಟದ ಮೇಜಿನಲ್ಲಿ, ಇಂಥ ಎಣಿಕೆಗೆ ಒಂದು ಯಂತ್ರ ಇರಬೇಕು ಎಂಬ ಮಾತು ಬಂತು. ಹೊಲೆರಿತ್ ಆ ಮಾತನ್ನು ಬಿಡಲಿಲ್ಲ. ಸ್ವಲ್ಪ ಯೋಚಿಸಿ ಮತ್ತೆ ಬಿಲ್ಲಿಂಗ್ಸ್ ಬಳಿ ಹೋಗಿ, ಇದು ಸಾಧ್ಯವೆನಿಸುತ್ತದೆ, ಜೊತೆಗೆ ಸೇರುತ್ತೀರಾ ಎಂದು ಕೇಳಿದ. ಬಿಲ್ಲಿಂಗ್ಸ್ ಅವರಿಗೆ ಬೇಕಿದ್ದದ್ದು ಪರಿಹಾರ, ಪಾಲುದಾರಿಕೆಯಲ್ಲ. ಹಾಗಾಗಿ ಹೊಲೆರಿತ್ ಒಬ್ಬನೇ ಮುಂದುವರಿದ.

1882ರಲ್ಲಿ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಬೋಧಿಸಲು ಸೇರಿದ. ಅದೇ ಪಾಠವನ್ನು ಮರುವರ್ಷವೂ ಒಪ್ಪಿಸುವುದು ಬೇಸರವೆನಿಸಿ ಕೆಲಸ ಬಿಟ್ಟನೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಆಮೇಲೆ ವಾಷಿಂಗ್ಟನ್‌ನ ಪೇಟೆಂಟ್ ಕಚೇರಿಯಲ್ಲಿ ಸ್ವಲ್ಪ ಕಾಲ ಇದ್ದು, 1884ರ ಸೆಪ್ಟೆಂಬರ್‌ನಲ್ಲಿ ತನ್ನದೇ ಮೊದಲ ಪೇಟೆಂಟ್ ಅರ್ಜಿ ಹಾಕಿದ.

ರೈಲಿನ ಟಿಕೆಟ್ ಕಲಿಸಿದ ಪಾಠ

ಮೊದಲು ಅವನ ತಲೆಯಲ್ಲಿದ್ದದ್ದು ಕಾರ್ಡ್ ಅಲ್ಲ, ಉದ್ದನೆಯ ಕಾಗದದ ಸುರುಳಿ. ಸುರುಳಿಯಲ್ಲಿ ಒಬ್ಬರ ಮಾಹಿತಿಯ ನಂತರ ಇನ್ನೊಬ್ಬರ ಮಾಹಿತಿ, ರಂಧ್ರಗಳ ರೂಪದಲ್ಲಿ. ತೊಂದರೆ ಬೇಗನೆ ಗೊತ್ತಾಯಿತು. ಸುರುಳಿಯ ನಡುವೆ ಇರುವ ಒಬ್ಬರ ಮಾಹಿತಿಯನ್ನು ತೆಗೆದು ಬೇರೆ ಗುಂಪಿಗೆ ಸೇರಿಸಲಾಗದು. ತಪ್ಪಾದರೆ ತಿದ್ದುವುದೂ ಕಷ್ಟ.

ಆಗಿನ ಅಮೆರಿಕದ ರೈಲುಗಳಲ್ಲಿ ಕಂಡಕ್ಟರ್ ಟಿಕೆಟ್ಟಿನ ಅಂಚಿನಲ್ಲಿ ರಂಧ್ರ ಹಾಕಿ ಪ್ರಯಾಣಿಕನ ಚಹರೆಯನ್ನು ಗುರುತಿಸುತ್ತಿದ್ದ: ಕೂದಲು ಯಾವ ಬಣ್ಣ, ಕಣ್ಣು ಯಾವ ಬಣ್ಣ ಇತ್ಯಾದಿ. ಟಿಕೆಟ್ ಕದ್ದವನು ಸುಲಭವಾಗಿ ಸಿಕ್ಕಿಬೀಳುತ್ತಿದ್ದ. ಇದನ್ನು ಕಂಡ ಹೊಲೆರಿತ್‌ಗೆ ಒಬ್ಬರಿಗೆ ಒಂದು ಕಾರ್ಡ್ ಎಂಬ ದಾರಿ ಹೊಳೆಯಿತು. ರಂಧ್ರವಿರುವ ಕಾರ್ಡು ಯಂತ್ರವನ್ನು ನಡೆಸುವುದು ಅದಕ್ಕೂ ಮೊದಲೇ ನೇಯ್ಗೆಯಲ್ಲಿ ಬಳಕೆಯಲ್ಲಿತ್ತು. ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ತೂಗುವುದನ್ನು ನೋಡಿದವರಿಗೆ ಜಕಾರ್ಡ್ ತಂತ್ರ ಗೊತ್ತಿರುತ್ತದೆ. ಅಲ್ಲಿ ರಂಧ್ರ ಹೇಳುವುದು ಯಾವ ಎಳೆ ಮೇಲೇಳಬೇಕು ಎಂಬುದನ್ನು. ಹೊಲೆರಿತ್‌ನ ಕಾರ್ಡಿನಲ್ಲಿ ರಂಧ್ರ ಹೇಳಿದ್ದು ಒಬ್ಬ ಮನುಷ್ಯನ ಬಗ್ಗೆ.

ಮೊದಲ ಪರೀಕ್ಷೆ ಬಾಲ್ಟಿಮೋರ್ ನಗರದ ಮರಣ ದಾಖಲೆಗಳ ಮೇಲೆ ನಡೆಯಿತು. ಕಂಡಕ್ಟರ್ ಬಳಸುವಂಥ ಕೈ ಪಂಚ್ ಹಿಡಿದು ಸಾವಿರಾರು ಕಾರ್ಡುಗಳಿಗೆ ತಾನೇ ರಂಧ್ರ ಹಾಕಿದ. ಕೈ ಸೋತುಹೋಯಿತು. ಜೊತೆಗೆ ಆ ಪಂಚ್ ಕಾರ್ಡಿನ ಅಂಚಿಗಷ್ಟೇ ಎಟುಕುತ್ತಿತ್ತು, ಮಧ್ಯದ ಜಾಗವೆಲ್ಲ ವ್ಯರ್ಥ. ಈ ನೋವಿನಿಂದಲೇ ಹೊಸ ಉಪಕರಣ ಹುಟ್ಟಿತು. ಗುಮಾಸ್ತರ ಮುಂದೆ ಹೆಸರು ಬರೆದ ಕುಳಿಗಳಿರುವ ಒಂದು ಹಲಗೆ. ಕಡ್ಡಿಯನ್ನು ಸರಿಯಾದ ಕುಳಿಗೆ ಇಳಿಸಿದರೆ ಹಿಂದಿರುವ ಕಾರ್ಡಿನಲ್ಲಿ ಅದೇ ಸ್ಥಾನಕ್ಕೆ ರಂಧ್ರ ಬೀಳುತ್ತದೆ. ಇಂದು ನಾವು ಪರದೆಯಲ್ಲಿ ನೋಡುವ ಆಯ್ಕೆಯ ಗುಂಡಿಗಳ ಸಾಲಿಗೂ ಈ ಹಲಗೆಗೂ ಹೆಚ್ಚು ವ್ಯತ್ಯಾಸವಿಲ್ಲ.

ಐದೂವರೆ ಗಂಟೆ

1889ರಲ್ಲಿ ಜನಗಣತಿ ಕಚೇರಿ ಒಂದು ಸ್ಪರ್ಧೆ ಇಟ್ಟಿತು. ಸೇಂಟ್ ಲೂಯಿಸ್ ನಗರದ ಸುಮಾರು 10 ಸಾವಿರ ಜನರ ಹಳೆಯ ದಾಖಲೆಗಳನ್ನು ಮೂವರು ತಮ್ಮ ತಮ್ಮ ವಿಧಾನದಲ್ಲಿ ಎಣಿಸಬೇಕು. ಉಳಿದ ಇಬ್ಬರದ್ದು ಬಣ್ಣದ ಚೀಟಿ, ಬಣ್ಣದ ಶಾಯಿಯಂಥ ಕೈಕೆಲಸದ ವಿಧಾನ. ಮಾಹಿತಿಯನ್ನು ನಕಲು ಮಾಡಲು ಅವರಿಗೆ 100 ಗಂಟೆಗೂ ಹೆಚ್ಚು ಹಿಡಿದರೆ ಹೊಲೆರಿತ್‌ಗೆ 72 ಗಂಟೆ 30 ನಿಮಿಷ ಸಾಕಾಯಿತು. ನಿಜವಾದ ವ್ಯತ್ಯಾಸ ಕಂಡದ್ದು ಆಮೇಲೆ. ಕೋಷ್ಟಕ ಮಾಡಲು ಒಬ್ಬರಿಗೆ 44 ಗಂಟೆ 30 ನಿಮಿಷ, ಇನ್ನೊಬ್ಬರಿಗೆ 55 ಗಂಟೆ 30 ನಿಮಿಷ. ಹೊಲೆರಿತ್‌ಗೆ ಐದೂವರೆ ಗಂಟೆ.

1890ರ ಗಣತಿಯ ಕೆಲಸ ಅವನಿಗೇ ಸಿಕ್ಕಿತು. ಅದೇ ವರ್ಷ ಲೂಸಿಯಾ ಟಾಲ್ಕಾಟ್ ಜೊತೆ ಮದುವೆಯಾಯಿತು, ಕೊಲಂಬಿಯಾದಿಂದ ಡಾಕ್ಟರೇಟ್ ಕೂಡ ಬಂತು.

ಯಂತ್ರ ಕೆಲಸ ಮಾಡುತ್ತಿದ್ದದ್ದು ಹೀಗೆ. ಕಾರ್ಡಿನಲ್ಲಿ 24 ಕಾಲಂ, 12 ಸಾಲು, ಒಟ್ಟು 288 ಸ್ಥಾನಗಳು. ಕಾರ್ಡನ್ನು ಒತ್ತುಯಂತ್ರದಲ್ಲಿಟ್ಟು ಹಿಡಿಕೆ ಎಳೆದರೆ ಸ್ಪ್ರಿಂಗ್ ಇರುವ ಸೂಜಿಗಳು ಕೆಳಗಿಳಿಯುತ್ತವೆ. ರಂಧ್ರವಿದ್ದಲ್ಲಿ ಸೂಜಿ ತೂರಿ ಕೆಳಗಿನ ಪಾದರಸದ ಬಟ್ಟಲನ್ನು ಮುಟ್ಟುತ್ತದೆ, ವಿದ್ಯುತ್ ಹರಿಯುತ್ತದೆ, ಗಡಿಯಾರದಂಥ ಮುಳ್ಳೊಂದು ಒಂದು ಅಂಕಿ ಮುಂದೆ ಹೋಗುತ್ತದೆ. ಇಂಥ 40 ಮುಖಗಳು ಒಂದು ಯಂತ್ರದಲ್ಲಿದ್ದವು. ಪಕ್ಕದ ಪೆಟ್ಟಿಗೆಯಲ್ಲಿ ಸರಿಯಾದ ಗೂಡಿನ ಮುಚ್ಚಳ ತಾನೇ ತೆರೆದುಕೊಳ್ಳುತ್ತಿತ್ತು. ಕಾರ್ಡನ್ನು ಅಲ್ಲಿಗೆ ಹಾಕಿದರಾಯಿತು. ರಂಧ್ರ ಹಾಕುವ ಕೆಲಸದಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು.

ಈ ವ್ಯವಸ್ಥೆಯ ಮೂರು ಸಣ್ಣ ಉಪಾಯಗಳನ್ನು ಫಾರ್ಮ್ ತಯಾರಿಸುವವರು ಇಂದೂ ಗಮನಿಸಬೇಕು.

ಒಂದು, ಕಾರ್ಡಿನ ಒಂದು ಮೂಲೆಯನ್ನು ಕತ್ತರಿಸಿದ್ದರು. ಕಟ್ಟಿನಲ್ಲಿ ಯಾವುದಾದರೂ ಕಾರ್ಡು ತಲೆಕೆಳಗಾದರೆ ಕಣ್ಣಿಗೆ ಕೂಡಲೇ ಕಾಣುತ್ತಿತ್ತು.

ಎರಡು, ಸರಿಯಾಗಿ ಎಣಿಕೆಯಾದರೆ ಗಂಟೆ ಬಾರಿಸುತ್ತಿತ್ತು. ಬೇಕಾದ ರಂಧ್ರವೇ ಇಲ್ಲದ ಕಾರ್ಡು ಬಂದರೆ ಗಂಟೆ ಮೌನ. ಗುಮಾಸ್ತರು ಆ ಕಾರ್ಡನ್ನು ಬದಿಗಿಟ್ಟು ಮೂಲ ಹಾಳೆಯೊಂದಿಗೆ ಹೋಲಿಸುತ್ತಿದ್ದರು. ಖಾಲಿ ಖಾನೆ ಇದ್ದರೆ ಫಾರ್ಮ್ ಮುಂದೆ ಹೋಗದಂತೆ ಇಂದು ನಾವು ತಡೆಯುವುದೂ ಇದೇ ಕೆಲಸ.

ಮೂರು, ಒಂದೇ ಪ್ರದೇಶದ ಎಲ್ಲ ಕಾರ್ಡುಗಳಿಗೂ ಪ್ರದೇಶದ ಸಂಕೇತ ಒಂದೇ. ಅದನ್ನು ಒಂದೊಂದಾಗಿ ಹಾಕದೆ, ಹಲವು ಕಾರ್ಡುಗಳನ್ನು ಜೋಡಿಸಿಟ್ಟು ಒಂದೇ ಏಟಿಗೆ ರಂಧ್ರ ಹಾಕುತ್ತಿದ್ದರು. ಒಂದೇ ಉತ್ತರವನ್ನು ನೂರು ಸಲ ಬರೆಸಿದರೆ ಒಂದೆರಡು ಸಲವಾದರೂ ತಪ್ಪುತ್ತದೆ ಎಂಬ ಅರಿವು ಇದರ ಹಿಂದಿದೆ.

ಅದೇ ಕಾಲದಲ್ಲಿ ನಮ್ಮಲ್ಲಿ

ಆಗ ಮೈಸೂರು ಸಂಸ್ಥಾನದಲ್ಲಿ ಏನು ನಡೆಯುತ್ತಿತ್ತು? 1871ರಲ್ಲಿ ಇಲ್ಲಿ ಕ್ರಮಬದ್ಧ ಜನಗಣತಿ ನಡೆಯಿತು. 1881ರಿಂದ ಭಾರತದಾದ್ಯಂತ ಹತ್ತು ವರ್ಷಕ್ಕೊಮ್ಮೆ ಗಣತಿ ಶುರುವಾಯಿತು. ಎಣಿಕೆಯೆಲ್ಲ ಕೈಯಲ್ಲೇ.

1901ರಲ್ಲಿ ಭಾರತದ ಗಣತಿ ಹೊಸ ವಿಧಾನಕ್ಕೆ ಹೊರಳಿತು. ಮನೆ ಮನೆಯ ಹಾಳೆಯಿಂದ ಪ್ರತಿಯೊಬ್ಬರ ವಿವರವನ್ನೂ ಒಂದೊಂದು ಚೀಟಿಗೆ ಇಳಿಸುವುದು. ಧರ್ಮಕ್ಕೆ ಒಂದೊಂದು ಬಣ್ಣದ ಚೀಟಿ. ಲಿಂಗ, ಮದುವೆಯ ಸ್ಥಿತಿಗೆ ಚೀಟಿಯ ಮೇಲೆ ಗುರುತು. ಆಮೇಲೆ ಚೀಟಿಗಳನ್ನು ಗೂಡುಗಳಿಗೆ ವಿಂಗಡಿಸಿ ಎಣಿಸುವುದು. ಮೈಸೂರಿನ ಆ ವರ್ಷದ ವರದಿಯನ್ನು ಬರೆದವರು ಟಿ. ಆನಂದರಾಯರು. ಸಂಸ್ಥಾನದ ಜನಸಂಖ್ಯೆ ಸುಮಾರು 55 ಲಕ್ಷ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂಬ ಹೆಸರು, ಅಲ್ಲಿನ ಜನಸಂಖ್ಯೆ ಸುಮಾರು 3.6 ಲಕ್ಷ.

ಗಮನಿಸಿ, ಇಲ್ಲಿ ವಿದ್ಯುತ್ತಿಲ್ಲ, ಪಾದರಸವಿಲ್ಲ. ಆದರೆ ಒಬ್ಬರಿಗೆ ಒಂದು ಚೀಟಿ, ಚೀಟಿಯಲ್ಲಿ ನಿಗದಿತ ಜಾಗದಲ್ಲಿ ನಿಗದಿತ ಗುರುತು, ಆಮೇಲೆ ಗೂಡು ಎಂಬ ಕ್ರಮ ಹೊಲೆರಿತ್‌ನ ಕ್ರಮವೇ. ಯಂತ್ರಕ್ಕಿಂತ ಮೊದಲು ಬೇಕಾದದ್ದು ಮಾಹಿತಿಯನ್ನು ಒಂದೇ ಅಚ್ಚಿಗೆ ತರುವುದು ಎಂಬುದಕ್ಕೆ ಇದೇ ಸಾಕ್ಷಿ. ಅಚ್ಚು ಸರಿಯಿದ್ದರೆ ಎಣಿಸುವುದು ಕೈಯೋ ಯಂತ್ರವೋ ಎಂಬುದು ವೇಗದ ಪ್ರಶ್ನೆ ಮಾತ್ರ.

ರೈಲ್ವೆ ಲೆಕ್ಕ ತಂದ ತಿರುವು

ಪ್ರೋಗ್ರಾಮಿಂಗ್ ದೃಷ್ಟಿಯಿಂದ ನೋಡಿದರೆ ಹೊಲೆರಿತ್ ಬದುಕಿನ ಮುಖ್ಯ ತಿರುವು 1890ರ ಗಣತಿಯಲ್ಲ. ಅದಾದ ಐದಾರು ವರ್ಷಕ್ಕೆ ಬಂದ ಕೆಲಸ.

ಜನಗಣತಿ ಬರುವುದು ಹತ್ತು ವರ್ಷಕ್ಕೊಮ್ಮೆ. ಆಸ್ಟ್ರಿಯಾ, ಕೆನಡಾ, ರಷ್ಯಾದಲ್ಲೂ ಅವನ ಯಂತ್ರಗಳು ಬಳಕೆಯಾದವು, ಆದರೂ ನಡುವಿನ ವರ್ಷಗಳಲ್ಲಿ ಹೊಟ್ಟೆಪಾಡು ನಡೆಯಬೇಕಲ್ಲ. ನ್ಯೂಯಾರ್ಕ್ ಸೆಂಟ್ರಲ್ ಎಂಬ ರೈಲ್ವೆ ಕಂಪನಿಯ ಸರಕು ಸಾಗಣೆಯ ಲೆಕ್ಕಕ್ಕೆ ಯಂತ್ರ ಕೊಡಲು ಮುಂದಾದ. ಮೊದಲ ಪ್ರಯತ್ನ ಸೋತಿತು, ಯಂತ್ರಗಳು ವಾಪಸ್ ಬಂದವು. ಅವುಗಳನ್ನು ಮತ್ತೆ ರೂಪಿಸಿ, ಬಾಡಿಗೆಯಿಲ್ಲದೆ ಬಳಸಿ ನೋಡಿ ಎಂದು ಕೊಟ್ಟ ಮೇಲೆ 1896ರಲ್ಲಿ ಕಂಪನಿ ಒಪ್ಪಿತು. ಅದೇ ವರ್ಷ ಅವನ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿ ಶುರುವಾಯಿತು.

ರೈಲ್ವೆಗೆ ಬೇಕಾದದ್ದು ತಲೆ ಎಣಿಕೆಯಲ್ಲ, ಕೂಡುವ ಲೆಕ್ಕ: ಎಷ್ಟು ತೂಕ, ಎಷ್ಟು ಬಾಡಿಗೆ, ಯಾವ ನಿಲ್ದಾಣ. ಗಣತಿಯ ಕಾರ್ಡಿನಲ್ಲಿ ಪ್ರತಿ ರಂಧ್ರಕ್ಕೂ ಅದರದೇ ಅರ್ಥ. ಒಂದು ಸ್ಥಾನ ಗಂಡು ಎಂದರೆ ಪಕ್ಕದ ಸ್ಥಾನ ಹೆಣ್ಣು, ಅದರಾಚೆಯದು ಮತ್ತೇನೋ. ಪ್ರಶ್ನೆ ಬದಲಾದರೆ ಯಂತ್ರದ ತಂತಿಗಳನ್ನು ಬಿಚ್ಚಿ ಬೇರೆಯಾಗಿ ಜೋಡಿಸಬೇಕು. ಕೂಡುವ ಲೆಕ್ಕಕ್ಕೆ ಇದು ಒಗ್ಗಲಿಲ್ಲ.

ಹೊಸ ಕಾರ್ಡಿನಲ್ಲಿ ಪ್ರತಿ ಕಾಲಮ್ಮೂ ಒಂದೇ ರೂಪದ್ದು: ಮೇಲಿಂದ ಕೆಳಗೆ 0ಯಿಂದ 9ರವರೆಗೆ ಅಂಕಿ. ಒಂದು ಕಾಲಂ ಎಂದರೆ ಒಂದು ಅಂಕಿ. ಪಕ್ಕಪಕ್ಕದ ನಾಲ್ಕು ಕಾಲಂ ಸೇರಿದರೆ ತೂಕ, ಮುಂದಿನ ಮೂರು ಸೇರಿದರೆ ನಿಲ್ದಾಣದ ಸಂಕೇತ, ಹೀಗೆ. ಈ ಗುಂಪಿಗೇ ಫೀಲ್ಡ್ ಎಂಬ ಹೆಸರು. ಇಂದು ಫಾರ್ಮ್‌ಗಳ ಬಗ್ಗೆ ಮಾತನಾಡುವಾಗ ಇನ್‌ಪುಟ್ ಫೀಲ್ಡ್ ಎನ್ನುತ್ತೇವಲ್ಲ, ಆ ಬಳಕೆ ಪಂಚ್ ಕಾರ್ಡ್ ಕಾಲದ್ದು.

ಈಗ ಕಾಲಮ್ಮಿಗೆ ಸ್ವಂತ ಅರ್ಥವಿಲ್ಲ, ಸ್ಥಾನದ ಸಂಖ್ಯೆ ಮಾತ್ರ ಇದೆ. ಎಲ್ಲ ಕಾಲಂಗಳನ್ನೂ ಓದುವ ಸಾಧನ ಒಂದೇ ಬಗೆಯದು. ಯಾವ ಕಾಲಂ ಯಾವುದಕ್ಕೆ ಸೇರಿದ್ದು ಎಂಬುದನ್ನು ಬೇರೆಡೆ ಹೇಳಿದರೆ ಸಾಕು. 1906ರ ಸುಮಾರಿಗೆ ಬಂದ ಯಂತ್ರಗಳಲ್ಲಿ ಇದಕ್ಕೆಂದೇ ಪ್ಲಗ್‌ಬೋರ್ಡ್ ಇತ್ತು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಂತೆ ತಂತಿಯ ತುದಿಯನ್ನು ಒಂದು ಕುಳಿಯಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಅದೇ ಯಂತ್ರ ಬೇರೆ ಕೆಲಸಕ್ಕೆ ಸಿದ್ಧ.

ಡೈರಿಯ ಪರದೆಗೆ ಮರಳೋಣ

62 ಖಾನೆಗಳಿಗೆ 62 ಹೆಸರಿಡುವುದು 1890ರ ಕಾರ್ಡಿನ ದಾರಿ. ಎಲ್ಲಕ್ಕೂ ಒಂದೇ ಹೆಸರಿಟ್ಟು 0ಯಿಂದ 61ರವರೆಗೆ ಸಂಖ್ಯೆ ಕೊಡುವುದು ರೈಲ್ವೆ ಕಾರ್ಡಿನ ದಾರಿ.

ಸಂಖ್ಯೆ ಕೊಟ್ಟ ಮೇಲೆ ಉಳಿದದ್ದು ಸರಳ ಗಣಿತ. ಸಂಖ್ಯೆಯನ್ನು 2ರಿಂದ ಭಾಗಿಸಿ, ಬಂದ ಭಾಗಲಬ್ಧಕ್ಕೆ 1 ಸೇರಿಸಿದರೆ ತಾರೀಖು. ಶೇಷ 0 ಆದರೆ ಬೆಳಿಗ್ಗೆ, 1 ಆದರೆ ಸಂಜೆ. 37ನೇ ಸಂಖ್ಯೆಯ ಖಾನೆಯನ್ನು ನೋಡಿ: ಭಾಗಲಬ್ಧ 18, ಶೇಷ 1, ಅಂದರೆ 19ನೇ ತಾರೀಖಿನ ಸಂಜೆ. ಲೀಟರ್ ಸೊನ್ನೆಗಿಂತ ಕಡಿಮೆ ಇರಬಾರದು, ಅಕ್ಷರ ಇರಬಾರದು ಎಂಬ ತಪಾಸಣೆಯನ್ನು ಒಂದೇ ಕಡೆ ಬರೆದರೆ 62ಕ್ಕೂ ಅನ್ವಯಿಸುತ್ತದೆ. ಅದು ಸರಿಯಿದ್ದರೆ ಎಲ್ಲೆಡೆ ಸರಿ. ತಪ್ಪಿದ್ದರೆ ಎಲ್ಲೆಡೆ ತಪ್ಪು, ಅಂದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಒಂದೇ ಸಂಜೆಯ ಹಾಲು ಸದ್ದಿಲ್ಲದೆ ಮಾಯವಾಗುವುದಕ್ಕಿಂತ ಇದು ಎಷ್ಟೋ ವಾಸಿ.

ವಿಷುವಲ್ ಬೇಸಿಕ್ 6ರವರೆಗಿನ ಆವೃತ್ತಿಗಳಲ್ಲಿ ಇದಕ್ಕೆ ಕಂಟ್ರೋಲ್ ಅರೇ ಎಂಬ ಸೌಲಭ್ಯವಿತ್ತು. ಯಾವ ಖಾನೆಯನ್ನು ಮುಟ್ಟಿದರೂ ಒಂದೇ ಕೋಡ್ ಓಡುತ್ತಿತ್ತು, ಖಾನೆಯ ಸಂಖ್ಯೆ ಅದಕ್ಕೆ ತಲುಪುತ್ತಿತ್ತು. ನಂತರ ಬಂದ ವಿಬಿ ಡಾಟ್ ನೆಟ್‌ನಲ್ಲಿ ಆ ಸೌಲಭ್ಯವನ್ನು ತೆಗೆದರು. ಈಗ ಖಾನೆಗಳನ್ನು ಒಂದು ಪಟ್ಟಿಗೆ ಸೇರಿಸಿ, ಎಲ್ಲಕ್ಕೂ ಒಂದೇ ಈವೆಂಟ್ ಹ್ಯಾಂಡ್ಲರ್ ಜೋಡಿಸುತ್ತಾರೆ. ಪೈಥಾನ್, ಜಾವಾದಲ್ಲೂ ದಾರಿ ಇದೇ.

ಪೈಥಾನ್ ಬಳಸುವವರಿಗೆ ಒಂದು ಎಚ್ಚರಿಕೆ. ಲೂಪ್ ಒಳಗೆ 62 ಬಟನ್ ಮಾಡಿ, ಪ್ರತಿಯೊಂದಕ್ಕೂ ಲ್ಯಾಂಬ್ಡಾ ಮೂಲಕ ಲೂಪಿನ ಸಂಖ್ಯೆ ಕೊಟ್ಟರೆ, ಯಾವುದನ್ನು ಒತ್ತಿದರೂ 61 ಎಂದೇ ಉತ್ತರ ಬರಬಹುದು. ಬಟನ್ ನೆನಪಿಟ್ಟುಕೊಳ್ಳುವುದು ಆ ಕ್ಷಣದ ಸಂಖ್ಯೆಯನ್ನಲ್ಲ, ಸಂಖ್ಯೆ ಇರುವ ಹೆಸರನ್ನು. ಲೂಪ್ ಮುಗಿದಾಗ ಆ ಹೆಸರಿನಲ್ಲಿ ಉಳಿದಿರುವುದು ಕೊನೆಯ ಸಂಖ್ಯೆ. ಸಂಖ್ಯೆಯನ್ನು ಲ್ಯಾಂಬ್ಡಾದ ಡೀಫಾಲ್ಟ್ ಮೌಲ್ಯವಾಗಿ ಕೊಟ್ಟರೆ ಸರಿಹೋಗುತ್ತದೆ.

ಅರ್ಥವನ್ನು ಕೋಡಿನಿಂದ ಹೊರಗಿಟ್ಟು ಪಟ್ಟಿಯಲ್ಲಿ ಇಡುವುದರ ಲಾಭಕ್ಕೆ ಅದೇ ಸೀಮೆಯ ಉದಾಹರಣೆ ಸಾಕು. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲ್ಲೂಕು. ತಾಲ್ಲೂಕಿಗೊಂದರಂತೆ ಬೇರೆ ಬೇರೆ ಕೋಡ್ ಬರೆದವರು ಇಡೀ ಪ್ರೋಗ್ರಾಮ್ ತಡಕಾಡಬೇಕು. ತಾಲ್ಲೂಕುಗಳ ಪಟ್ಟಿ ಇಟ್ಟವರು ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಜಗಳ, ಮಾರಾಟ, ಹಸುಗಳು

ಹೊಲೆರಿತ್ ಸುಲಭದ ಮನುಷ್ಯನಾಗಿರಲಿಲ್ಲ. ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದ, ಕಾರ್ಡುಗಳೂ ಅವನಲ್ಲೇ ಕೊಳ್ಳಬೇಕು. 1900ರ ಗಣತಿಯ ನಂತರ ಬಾಡಿಗೆಯ ವಿಷಯದಲ್ಲಿ ಗಣತಿ ಕಚೇರಿಯ ಮುಖ್ಯಸ್ಥರಿಗೂ ಅವನಿಗೂ ಜಗಳವಾಯಿತು. ಕಚೇರಿ ತನ್ನದೇ ಯಂತ್ರ ಮಾಡಿಸಲು ಹೊರಟಿತು, ಜೇಮ್ಸ್ ಪವರ್ಸ್ ಎಂಬ ತಂತ್ರಜ್ಞ ಅಲ್ಲಿ ಹೊಸ ಯಂತ್ರ ರೂಪಿಸಿದ. 1910ರ ಗಣತಿ ಹೊಲೆರಿತ್‌ನ ಕೈತಪ್ಪಿತು.

ಆರೋಗ್ಯವೂ ಕುಗ್ಗುತ್ತಿತ್ತು. 1911ರಲ್ಲಿ ಕಂಪನಿಯನ್ನು ಮಾರಿದ. ಅದು ಇನ್ನೂ ಕೆಲವು ಕಂಪನಿಗಳ ಜೊತೆ ಸೇರಿ ಕಂಪ್ಯೂಟಿಂಗ್-ಟ್ಯಾಬ್ಯುಲೇಟಿಂಗ್-ರೆಕಾರ್ಡಿಂಗ್ ಕಂಪನಿ ಆಯಿತು. ಹೊಲೆರಿತ್ ಕೆಲವು ವರ್ಷ ಸಲಹೆಗಾರನಾಗಿ ಉಳಿದು 1921ರಲ್ಲಿ ಪೂರ್ತಿ ನಿವೃತ್ತನಾದ.

ಆಮೇಲಿನ ಕಾಲವನ್ನು ಕಳೆದದ್ದು ಮೇರಿಲ್ಯಾಂಡಿನ ತನ್ನ ತೋಟದಲ್ಲಿ, ಗರ್ನ್ಸಿ ತಳಿಯ ಹಸುಗಳನ್ನು ಸಾಕುತ್ತಾ. ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರವನ್ನು ಬಲ್ಲವರಿಗೆ ದನದ ತಳಿಯ ಮೇಲಿನ ಇಂಥ ಅಕ್ಕರೆ ಅಚ್ಚರಿ ಅನ್ನಿಸದು. 1929ರ ನವೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ.

ಮೂರು ತಪ್ಪು ನಂಬಿಕೆಗಳು

ನಂಬಿಕೆ 1: ಹೊಲೆರಿತ್ ಐಬಿಎಂ ಸ್ಥಾಪಿಸಿದ.
ಅರ್ಧ ನಿಜ. ಅವನ ಕಂಪನಿ ಸೇರಿಕೊಂಡ ಸಂಸ್ಥೆಗೆ 1914ರಲ್ಲಿ ಥಾಮಸ್ ವಾಟ್ಸನ್ ಬಂದರು, 1924ರಲ್ಲಿ ಅದರ ಹೆಸರು ಐಬಿಎಂ ಆಯಿತು. ಆ ಹೊತ್ತಿಗೆ ಹೊಲೆರಿತ್ ನಿವೃತ್ತನಾಗಿ ಮೂರು ವರ್ಷ ಕಳೆದಿತ್ತು. ಪ್ರಸಿದ್ಧವಾದ 80 ಕಾಲಮ್ಮಿನ ಕಾರ್ಡನ್ನು ಐಬಿಎಂ ತಂದದ್ದು 1928ರಲ್ಲಿ. ಕಂಪ್ಯೂಟರ್ ಟರ್ಮಿನಲ್ ಪರದೆಗಳ ಸಾಲಿನಲ್ಲಿ 80 ಅಕ್ಷರ ಇರುವುದು ಆ ಕಾರ್ಡಿನ ಬಳುವಳಿ.

ನಂಬಿಕೆ 2: 1890ರ ಗಣತಿಯನ್ನು ಯಂತ್ರ ಆರು ವಾರದಲ್ಲಿ ಮುಗಿಸಿತು.
ಬೇಗ ಸಿಕ್ಕಿದ್ದು ಒಟ್ಟು ತಲೆ ಎಣಿಕೆ ಮಾತ್ರ, ಸುಮಾರು 6.26 ಕೋಟಿ. ಅದಕ್ಕೆ ಪ್ರತಿ ಕುಟುಂಬದಲ್ಲಿ ಎಷ್ಟು ಜನ ಎಂಬುದನ್ನಷ್ಟೇ ಕೂಡಿದರೆ ಸಾಕಿತ್ತು. ವಯಸ್ಸು, ಕಸುಬು, ಹುಟ್ಟೂರುಗಳ ವಿವರವಾದ ಕೋಷ್ಟಕಗಳಿಗೆ ಹಲವು ವರ್ಷ ಹಿಡಿಯಿತು. ಆದರೆ ಮೊದಲು ಕೇಳಲಾಗದಿದ್ದ ಪ್ರಶ್ನೆಗಳನ್ನು ಕೇಳುವುದು ಸಾಧ್ಯವಾಯಿತು, ಯಂತ್ರದ ನಿಜವಾದ ಲಾಭ ಅದು.

ನಂಬಿಕೆ 3: ಕಾರ್ಡಿನ ಅಳತೆಯನ್ನು ಆಗಿನ ಡಾಲರ್ ನೋಟಿನಿಂದ ತೆಗೆದುಕೊಂಡರು.
ನಂತರದ ಕಾಲದ ಕಾರ್ಡುಗಳ ಅಳತೆ ಆ ನೋಟಿಗೆ ಹತ್ತಿರ, ನಿಜ. ಆದರೆ 1890ರ ಗಣತಿಯ ಕಾರ್ಡಿನ ಉದ್ದ ಸುಮಾರು 6.6 ಇಂಚು, ನೋಟಿನದು 7.4 ಇಂಚು. ಮೊದಲ ಕಾರ್ಡಿಗಂತೂ ಈ ಮಾತು ಹೊಂದುವುದಿಲ್ಲ.

ಖಾನೆಯೇ ಇಲ್ಲದವರು

ಕಾಲಂಗಳಿಗೆ ಅರ್ಥವಿಲ್ಲ, ಸಂಖ್ಯೆ ಮಾತ್ರ ಎಂದೆವು. ಯಂತ್ರದ ಮಟ್ಟಿಗೆ ಅದು ಸರಿ. ಅರ್ಥ ಕೊಡುವವರು ಮನುಷ್ಯರು.

ಜರ್ಮನಿಯಲ್ಲಿ ಹೊಲೆರಿತ್ ಯಂತ್ರಗಳನ್ನು ಒದಗಿಸುತ್ತಿದ್ದ ಕಂಪನಿಯ ಹೆಸರಿನಲ್ಲೂ ಅವನ ಹೆಸರಿತ್ತು. ನಾಜಿ ಆಡಳಿತದ 1933 ಮತ್ತು 1939ರ ಜನಗಣತಿಗಳು ಈ ಬಗೆಯ ಯಂತ್ರಗಳಲ್ಲೇ ಎಣಿಕೆಯಾದವು. 1939ರಲ್ಲಿ ಪ್ರತಿಯೊಬ್ಬರ ನಾಲ್ವರು ಅಜ್ಜ ಅಜ್ಜಿಯರಲ್ಲಿ ಯಾರು ಯಹೂದಿಯರು ಎಂದು ಕೇಳುವ ಪ್ರತ್ಯೇಕ ಕಾರ್ಡನ್ನೂ ತುಂಬಿಸಿದರು. ಅಷ್ಟರಲ್ಲಿ ಹೊಲೆರಿತ್ ಸತ್ತು ಹತ್ತು ವರ್ಷವಾಗಿತ್ತು. ನಾಲ್ಕು ಒಂದೇ ಬಗೆಯ ಖಾನೆಗಳು, ತುಂಬಿಸುವುದು ಸುಲಭ, ಎಣಿಸುವುದು ಇನ್ನೂ ಸುಲಭ. ಒಂದು ಖಾನೆ ಇರಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಯಾವ ಲೂಪ್ ಕೂಡ ಕೇಳುವುದಿಲ್ಲ.

ಖಾನೆ ಇಲ್ಲದಿದ್ದರೆ ಆಗುವ ಅನ್ಯಾಯ ಬೇರೆ ಬಗೆಯದು. ಭಾರತದ 2001ರ ಜನಗಣತಿಯಲ್ಲಿ ಲಿಂಗದ ಪ್ರಶ್ನೆಗೆ ಗಂಡು, ಹೆಣ್ಣು ಎಂಬ ಎರಡೇ ಸಂಕೇತಗಳಿದ್ದವು. 2011ರಲ್ಲಿ ಇತರೆ ಎಂಬ ಮೂರನೆಯದು ಸೇರಿತು. ಸುಮಾರು 4.88 ಲಕ್ಷ ಜನ ಆ ಸಂಕೇತದಡಿ ಲೆಕ್ಕಕ್ಕೆ ಬಂದರು. ಅವರು ಹಿಂದೆಯೂ ಇದ್ದರು, ಅವರಿಗೊಂದು ಖಾನೆ ಇರಲಿಲ್ಲ ಅಷ್ಟೇ.

2027ರ ಜನಗಣತಿಯಲ್ಲಿ ಮಾಹಿತಿ ಸಂಗ್ರಹಕ್ಕೆ ಮೊಬೈಲ್ ಆ್ಯಪ್ ಬಳಸುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿದೆ. ಅಂತರಘಟ್ಟೆಯ ಮನೆಯ ಜಗಲಿಯಲ್ಲಿ ಕುಳಿತು ಗಣತಿದಾರರು ಮನೆಯ ಪ್ರತಿ ಸದಸ್ಯರಿಗೂ ಅದೇ ಪ್ರಶ್ನೆಗಳ ಸಾಲನ್ನು ಮತ್ತೆ ಮತ್ತೆ ಕೇಳುವಾಗ, ಆ ಪರದೆಯ ಹಿಂದೆ ಇರುವುದು ಇದೇ ಹಳೆಯ ಉಪಾಯ: ಒಂದೇ ರೂಪದ ಖಾನೆಗಳು, ಅವಕ್ಕೊಂದು ಸಂಖ್ಯೆ, ಎಲ್ಲಕ್ಕೂ ಒಂದೇ ತಪಾಸಣೆ.

ಹಾಗಾಗಿ ಫಾರ್ಮ್ ತಯಾರಿಸುವವರಿಗೆ ಹೊಲೆರಿತ್ ಬದುಕಿನಿಂದ ಸಿಗುವ ಬುದ್ಧಿಮಾತು ಎರಡು. ಒಂದೇ ಬಗೆಯ ಖಾನೆಗಳಿಗೆ ಕೋಡನ್ನು ಕಾಪಿ ಮಾಡಬೇಡಿ, ಸಂಖ್ಯೆ ಕೊಡಿ. ಸಂಖ್ಯೆ ಕೊಡುವ ಮೊದಲು, ಯಾವ ಖಾನೆ ಬೇಕು, ಯಾವುದು ಬೇಡ, ಯಾರಿಗೆ ಖಾನೆಯೇ ಇಲ್ಲ ಎಂದು ಆ ಫಾರ್ಮ್ ತುಂಬುವವರನ್ನೇ ಒಮ್ಮೆ ಕೇಳಿ.